ಕುಳ್ಳಗಿದ್ದರೆ ಪೋಲ್ ವಾಲ್ಟ್ ಒಲಿಯುವುದಿಲ್ಲವೇ?

ಪ್ರಶ್ನೆ: ನನ್ನ ಮಗನಿಗೆ ಹದಿನಾರು ವರ್ಷ, ಎತ್ತರ 168 ಸೆಂ.ಮೀ. ಎರಡು ವರ್ಷಗಳಿಂದ ಪೋಲ್ ವಾಲ್ಟ್ ಅಭ್ಯಾಸ ಮಾಡುತ್ತಿದ್ದಾನೆ. 3.40 ಮೀಟರ್ ದಾಟುತ್ತಾನೆ. ಅವನಿಗಿಂತ ತಡವಾಗಿ ಸೇರಿದ ಆರಡಿ ಹುಡುಗನೊಬ್ಬ ಆಗಲೇ 3.80 ದಾಟಿದ್ದಾನೆ. ‘ನಾನು ಕುಳ್ಳ, ಇದು ನನ್ನ ಆಟವಲ್ಲ’ ಎಂದು ಮಗ ಮಂಕಾಗಿದ್ದಾನೆ. ಎತ್ತರ ಅಷ್ಟು ಮುಖ್ಯವೇ?

ಉತ್ತರ: ಎತ್ತರದಿಂದ ಲಾಭವಿದೆ. ಇಲ್ಲವೆಂದು ಹೇಳಿ ನಿಮ್ಮನ್ನು ಸಮಾಧಾನಪಡಿಸುವುದಿಲ್ಲ. ಆದರೆ ಆ ಲಾಭ ನಿಮ್ಮ ಮಗ ಅಂದುಕೊಂಡಷ್ಟು ದೊಡ್ಡದೂ ಅಲ್ಲ, ಅಂದುಕೊಂಡ ಕಡೆಯೂ ಇಲ್ಲ.

ಓಟದ ವೇಗವನ್ನು ಎತ್ತರವಾಗಿ ಮಾರ್ಪಡಿಸುವುದೇ ಈ ಆಟ. ಬಾಗುವಾಗ ಕೋಲು ಓಟದ ಶಕ್ತಿಯನ್ನು ನುಂಗಿಕೊಳ್ಳುತ್ತದೆ, ನೆಟ್ಟಗಾಗುವಾಗ ಅದರ ಬಹುಪಾಲನ್ನು ಹಿಂದಿರುಗಿಸುತ್ತದೆ. ಜಿಗಿಯುವವನ ಗುರುತ್ವ ಕೇಂದ್ರ ಹೊಕ್ಕುಳಿನ ಆಸುಪಾಸಿನಲ್ಲಿರುತ್ತದೆ. ಉದ್ದನೆಯವನಿಗೆ ಅದು ಮೊದಲೇ ತುಸು ಮೇಲಿರುವುದರಿಂದ ಅಷ್ಟು ಎತ್ತರ ಪುಕ್ಕಟೆಯಾಗಿ ಸಿಗುತ್ತದೆ. ಆದರೆ ಎಷ್ಟು? ಈ ಇಬ್ಬರು ಹುಡುಗರ ನಡುವೆ ಸುಮಾರು 15 ಸೆಂ.ಮೀ. ವ್ಯತ್ಯಾಸವಿದೆ, ಅದರಿಂದ ಸಿಗುವುದು ಎಂಟು ಸೆಂ.ಮೀ. ಮಾತ್ರ. ಓಟದ ವೇಗ ಸೆಕೆಂಡಿಗೆ 7.5 ಮೀಟರಿನಿಂದ 7.6ಕ್ಕೆ ಏರಿದರೂ ಲೆಕ್ಕದ ಪ್ರಕಾರ ಹೆಚ್ಚುಕಡಿಮೆ ಅಷ್ಟೇ ದಕ್ಕುತ್ತದೆ. ಹಾಗಾದರೆ 40 ಸೆಂ.ಮೀ. ಅಂತರದಲ್ಲಿ ಉಳಿದದ್ದು ಎಲ್ಲಿಂದ ಬಂತು?

ಒಂದು ಪಾಲು ಕೈಯ ಎತ್ತರದಿಂದ ಬಂದಿರಬಹುದು. ನೆಲ ಬಿಟ್ಟ ಮೇಲೆ ಮೇಲಿನ ಕೈಯನ್ನು ಕೋಲಿನ ಮೇಲೆ ಇನ್ನಷ್ಟು ಮೇಲಕ್ಕೆ ಸರಿಸುವಂತಿಲ್ಲ, ಅದು ನಿಯಮ. ಹಾಗಾಗಿ ಕೋಲನ್ನು ಎಲ್ಲಿ ಹಿಡಿಯಬೇಕೆಂಬುದು ಓಡುವ ಮೊದಲೇ ತೀರ್ಮಾನವಾಗಿರುತ್ತದೆ. ಓಟದ ಹಾದಿಯ ಕೊನೆಯಲ್ಲಿ ಕೋಲು ಊರಲೆಂದೇ ಇರುವ ಗುಂಡಿಯ ಗೋಡೆಗೆ ಕೋಲಿನ ತುದಿ ತಾಗುವ ಗಳಿಗೆಯಲ್ಲಿ ಉದ್ದನೆಯವನ ಕೈ ಮೇಲಿರುತ್ತದೆ, ಅವನ ಕೋಲು ಆಗಲೇ ಕೊಂಚ ಹೆಚ್ಚು ನೆಟ್ಟಗಿರುತ್ತದೆ. ಅದನ್ನು ಪೂರ್ತಿ ನಿಲ್ಲಿಸಲು ಕಡಿಮೆ ಶ್ರಮ ಸಾಕು, ಆದ್ದರಿಂದ ಅವನು ಇನ್ನೂ ಮೇಲೆ ಹಿಡಿಯಬಲ್ಲ. ಉದ್ದನೆಯವರ ನಿಜವಾದ ಗಳಿಕೆ ಇದೇ.

ಅದಕ್ಕೆ ತಕ್ಕ ಸಾಲವೂ ಉಂಟು. ನೇತಾಡುತ್ತಿರುವ ದೇಹ ಕೋಲು ನೆಟ್ಟಗಾಗುವುದರೊಳಗೆ ಕಾಲು ಮೇಲಾಗಿ, ತಲೆ ಕೆಳಗಾಗಿ ತಿರುಗಬೇಕು. ಉದ್ದ ಕಾಲುಗಳನ್ನು ಬೀಸಿ ಎತ್ತುವುದು ಕಷ್ಟ. ಸೊಂಟ ಇನ್ನೂ ಕೆಳಗಿರುವಾಗಲೇ ಕೋಲು ನೆಟ್ಟಗಾಗಿಬಿಟ್ಟರೆ ಅದು ಕೊಟ್ಟ ಶಕ್ತಿಯೆಲ್ಲ ಅವನನ್ನು ಅಡ್ಡಪಟ್ಟಿಯ ಮೇಲಕ್ಕಲ್ಲ, ಅಡ್ಡಪಟ್ಟಿಯತ್ತ ತಳ್ಳುತ್ತದೆ. ಜಿಮ್ನಾಸ್ಟರು ಸಾಮಾನ್ಯವಾಗಿ ಗಿಡ್ಡಗಿರುವುದು ಸುಮ್ಮನೆ ಅಲ್ಲ.

ವಿಶ್ವದಾಖಲೆ ಬರೆದವರ ಮೈಕಟ್ಟನ್ನೇ ನೋಡಿ. 2025ರಲ್ಲಿ ಟೋಕಿಯೊದಲ್ಲಿ 6.30 ಮೀಟರ್ ದಾಟಿದ ಅರ್ಮಾಂಡ್ ಡುಪ್ಲಾಂಟಿಸ್ ಅವರ ಎತ್ತರ 1.81 ಮೀಟರ್. ಸೆರ್ಗೆಯ್ ಬುಬ್ಕಾ 1.83. ಬುಬ್ಕಾ 1993ರಲ್ಲಿ ದೊನೆತ್ಸ್ಕ್‌ನಲ್ಲಿ ಹಾರಿದ 6.15ರ ಒಳಾಂಗಣ ದಾಖಲೆಯನ್ನು 2014ರಲ್ಲಿ ಅದೇ ಊರಿನಲ್ಲಿ 6.16 ಹಾರಿ ಮುರಿದ ಫ್ರಾನ್ಸಿನ ರೆನೊ ಲಾವಿಲೆನಿ ಬರೀ 1.77. ಇವರಲ್ಲಿ ಯಾರೂ ದೈತ್ಯರಲ್ಲ, ಎಲ್ಲರೂ ವೇಗಿಗಳು. 2024ರಲ್ಲಿ ಜ್ಯೂರಿಕ್‌ನಲ್ಲಿ ಡುಪ್ಲಾಂಟಿಸ್, 400 ಮೀಟರ್ ಹರ್ಡಲ್ಸ್‌ನ ಕಾರ್ಸ್ಟನ್ ವಾರ್‌ಹೋಮ್ ಅವರೊಂದಿಗೆ ಪಂದ್ಯ ಕಟ್ಟಿ 100 ಮೀಟರನ್ನು 10.37 ಸೆಕೆಂಡಿನಲ್ಲಿ ಓಡಿ ಗೆದ್ದರು. ಕೋಲು ಹಿಡಿಯುವವನಿಗೆ ಆ ಓಟ! ಹಾಗೆಂದು ಎತ್ತರದ ಲೆಕ್ಕ ಪೂರಾ ಸುಳ್ಳಲ್ಲ. ಪುರುಷರ ಅಗ್ರ ಪಟ್ಟಿಯಲ್ಲಿ 1.70ಕ್ಕಿಂತ ಗಿಡ್ಡಗಿರುವವರು ವಿರಳ. ಆದರೆ ನಿಮ್ಮ ಮಗನಿಗಿನ್ನೂ ಹದಿನಾರು, ಬೆಳೆಯುವ ವಯಸ್ಸು ಮುಗಿದಿಲ್ಲ.

ಈಗ ಒಂದು ಕೆಲಸ ಮಾಡಿ. ಅವನು ಜಿಗಿಯುವಾಗ ಪಕ್ಕದಲ್ಲಿ ನಿಂತು ಮೊಬೈಲ್‌ನಲ್ಲಿ ವಿಡಿಯೊ ತೆಗೆಯಿರಿ. ಕಾಲು ನೆಲ ಬಿಡುವ ಕ್ಷಣದಲ್ಲಿ ಚಿತ್ರವನ್ನು ನಿಲ್ಲಿಸಿ. ಮೇಲಿನ ಕೈಯ ಮೊಣಕೈ ಮಡಚಿದೆಯೇ? ಹಿಮ್ಮಡಿ ಎದ್ದು ಬೆರಳ ತುದಿಯ ಮೇಲೆ ಬಂದಿದ್ದಾನೆಯೇ? ಪಾದ ಮೇಲಿನ ಕೈಗೆ ನೇರ ಕೆಳಗಿದೆಯೇ, ಅಥವಾ ಮುಂದಕ್ಕೆ ಓಡಿದೆಯೇ? ಎಷ್ಟೋ ಹುಡುಗರು ಇಲ್ಲೇ ಹತ್ತು ಹದಿನೈದು ಸೆಂ.ಮೀ. ಕಳೆದುಕೊಳ್ಳುವುದನ್ನು ನೋಡಿದ್ದೇನೆ. ದೇವರು ಕೊಟ್ಟ ಎತ್ತರವನ್ನೇ ಪೂರ್ತಿ ಬಳಸದೆ ಕೊಡದ ಎತ್ತರಕ್ಕೆ ಕೊರಗುತ್ತಿರುತ್ತಾರೆ. ಜೊತೆಗೆ ಇಬ್ಬರು ಹುಡುಗರನ್ನೂ ಕೋಲಿಲ್ಲದೆ ಮೂವತ್ತು ಮೀಟರ್ ಓಡಿಸಿ ಸಮಯ ಅಳೆಯಲು ಕೋಚ್ ಅವರನ್ನು ಕೇಳಿ. ಉಳಿದ ಅಂತರದ ಗುಟ್ಟು ಬಹುಶಃ ಅಲ್ಲೇ ಸಿಗುತ್ತದೆ.

ಇನ್ನೊಂದು ಮಾತು, ಇದರಲ್ಲಿ ಮಾತ್ರ ರಿಯಾಯಿತಿ ಬೇಡ. ಹಟಕ್ಕೆ ಬಿದ್ದು ಅವನು ಆ ಹುಡುಗನ ಕೋಲನ್ನು ಎರವಲು ಪಡೆಯದಂತೆ ನೋಡಿಕೊಳ್ಳಿ. ಪ್ರತಿ ಕೋಲಿನ ಮೇಲೂ ಎಷ್ಟು ತೂಕದವರಿಗೆ ಎಂದು ಬರೆದಿರುತ್ತದೆ. ಭಾರದವನ ಗಡುಸು ಕೋಲು ಹಗುರ ಹುಡುಗನಿಗೆ ಬಾಗುವುದಿಲ್ಲ, ನೆಟ್ಟಗೆ ನಿಲ್ಲುವ ಮೊದಲೇ ತಡೆದು ಹಿಂದಕ್ಕೆ ತಳ್ಳುತ್ತದೆ. ಆಗ ಅವನು ಬೀಳುವುದು ಮೆತ್ತೆಯ ಮೇಲಲ್ಲ, ಓಡಿ ಬಂದ ಹಾದಿಯ ಮೇಲೆ.