ಕಾರ್ಬನ್ ಫೈಬರ್ ಉಕ್ಕಿಗಿಂತ ಬಲವಾಗಿದ್ದರೆ ಅದರ ಬಿರುಕಿನ ಮೇಲೆ ಸಂಶೋಧನೆ ಏಕೆ?

ಎಂ.ಟೆಕ್. ಮುಗಿಸಿರುವ ನೀವು ಕಾಂಪೋಸಿಟ್ ವಸ್ತುಗಳ ಫ್ರ್ಯಾಕ್ಚರ್ ಮೆಕ್ಯಾನಿಕ್ಸ್‌ನಲ್ಲಿ ಪಿಎಚ್.ಡಿ.ಗೆ ಸೇರುವ ಆಲೋಚನೆಯಲ್ಲಿದ್ದೀರಿ. ಕಾರ್ಬನ್ ಫೈಬರ್‌ನಂಥ ಎಳೆಗಳನ್ನು ಎಪಾಕ್ಸಿಯಂಥ ರೆಸಿನ್‌ನಲ್ಲಿ, ಅಂದರೆ ಗಟ್ಟಿಯಾಗುವ ಅಂಟಿನಲ್ಲಿ, ಕೂರಿಸಿ ಪದರ ಪದರವಾಗಿ ಮಾಡಿದ ವಸ್ತುವೇ ಇಲ್ಲಿನ ಕಾಂಪೋಸಿಟ್. ಬಿರುಕು ಹೇಗೆ ಬೆಳೆಯುತ್ತದೆ ಎಂಬುದರ ಅಧ್ಯಯನವೇ ಫ್ರ್ಯಾಕ್ಚರ್ ಮೆಕ್ಯಾನಿಕ್ಸ್. ಉಕ್ಕಿಗಿಂತ ಹಲವು ಪಟ್ಟು ಬಲವುಳ್ಳ ವಸ್ತುವಿನ ಬಿರುಕನ್ನು ವರ್ಷಗಟ್ಟಲೆ ಅಧ್ಯಯನ ಮಾಡುವಂಥದ್ದು ಏನಿದೆ ಎಂಬುದು ನಿಮ್ಮ ಪ್ರಶ್ನೆ. ತುಮಕೂರಿನ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಇದೇ ವಿಷಯದ ಮೇಲೆ ಕೆಲಸ ಮಾಡುತ್ತಿರುವುದರಿಂದ ಉತ್ತರಿಸುತ್ತಿದ್ದೇನೆ.

ಒಂದು ವಸ್ತು ಎಷ್ಟು ಭಾರ ತಡೆಯುತ್ತದೆ ಎಂಬುದು ಬೇರೆ, ಅದರೊಳಗೆ ಆಗಲೇ ಇರುವ ಬಿರುಕು ಬೆಳೆಯದಂತೆ ಎಷ್ಟು ತಡೆಯುತ್ತದೆ ಎಂಬುದು ಬೇರೆ. ಬಿರುಕು ಮುಂದುವರಿಯಬೇಕಾದರೆ ಹೊಸ ಮೇಲ್ಮೈಗಳು ಹುಟ್ಟಬೇಕು, ಅದಕ್ಕೆ ತಗಲುವ ಶಕ್ತಿಯನ್ನು ವಸ್ತುವಿನಲ್ಲಿ ಶೇಖರವಾಗಿರುವ ಶಕ್ತಿ ಒದಗಿಸಬೇಕು ಎಂದು ಗಾಜಿನ ಮೇಲೆ ಪ್ರಯೋಗ ನಡೆಸಿ ತೋರಿಸಿದವರು ಇಂಗ್ಲೆಂಡಿನ ಇಂಜಿನಿಯರ್ ಗ್ರಿಫಿತ್. ಅವರ ಪ್ರಬಂಧ ಪ್ರಕಟವಾದದ್ದು 1921ರಲ್ಲಿ. 1950ರ ದಶಕದಲ್ಲಿ ಅಮೆರಿಕದ ವಿಜ್ಞಾನಿ ಇರ್ವಿನ್ ಈ ವಿಚಾರವನ್ನು ಲೋಹಗಳಿಗೂ ಅನ್ವಯಿಸುವಂತೆ ವಿಸ್ತರಿಸಿದರು. ಬಿರುಕು ಒಂದು ಚದರ ಮೀಟರ್ ಬೆಳೆಯಲು ಬೇಕಾಗುವ ಶಕ್ತಿಯನ್ನು ಲೆಕ್ಕ ಹಾಕಿದರೆ ಒಳ್ಳೆಯ ರಚನಾ ಉಕ್ಕಿನಲ್ಲಿ ಅದು ಹತ್ತಾರು ಸಾವಿರ ಜೂಲ್ ಆಗುತ್ತದೆ, ಏಕೆಂದರೆ ಬಿರುಕಿನ ತುದಿಯ ಸುತ್ತಲಿನ ಲೋಹ ಹಿಗ್ಗಿ ಬಾಗಿ ಶಕ್ತಿಯನ್ನು ನುಂಗಿಕೊಳ್ಳುತ್ತದೆ. ಸಾಧಾರಣ ಕಾರ್ಬನ್–ಎಪಾಕ್ಸಿ ಕಾಂಪೋಸಿಟ್‌ನ ಎರಡು ಪದರಗಳನ್ನು ಬೇರ್ಪಡಿಸಲು ಕೆಲವು ನೂರು ಜೂಲ್ ಸಾಕು. ಎಳೆಗಳ ಉದ್ದಕ್ಕೆ ಎಳೆದಾಗ ಸುಮಾರು 1,500 ಮೆಗಾಪಾಸ್ಕಲ್ ತಡೆಯುವ ಹಾಳೆ ಅಡ್ಡಕ್ಕೆ ಎಳೆದಾಗ ಸುಮಾರು 50ಕ್ಕೇ ಬಿಟ್ಟುಕೊಡುತ್ತದೆ. ಸೌದೆ ಎಳೆಯ ಗುಂಟ ಸೀಳುವಂತೆ ಇದೂ ಬಲ ಕಡಿಮೆ ಇರುವ ದಾರಿಯನ್ನೇ ಹಿಡಿಯುತ್ತದೆ, ಮತ್ತು ಪದರಗಳ ನಡುವಿನ ಆ ದಾರಿಯಲ್ಲಿ ಇರುವುದು ರೆಸಿನ್ ಮಾತ್ರ.

ನಮ್ಮ ಜಿಲ್ಲೆಗೆ ಇದು ದೂರದ ಮಾತಲ್ಲ. ಗುಬ್ಬಿ ತಾಲ್ಲೂಕಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ಇಂದಿನ ಹೆಲಿಕಾಪ್ಟರ್‌ಗಳ ರೋಟರ್ ಬ್ಲೇಡುಗಳು ಬಹುಪಾಲು ಕಾಂಪೋಸಿಟ್‌ನವು. ಅಲ್ಯೂಮಿನಿಯಂ ಹಾಳೆಯ ಮೇಲೆ ಸ್ಪ್ಯಾನರ್ ಬಿದ್ದರೆ ತಗ್ಗು ಕಣ್ಣಿಗೆ ಬೀಳುತ್ತದೆ. ಕಾಂಪೋಸಿಟ್ ಮೇಲೆ ಬಿದ್ದರೆ ಮೇಲ್ಮೈಯಲ್ಲಿ ಗುರುತೇ ಇಲ್ಲದೆ ಒಳಗೆ ಪದರಗಳು ಬಿಟ್ಟುಕೊಂಡಿರಬಹುದು, ಆಮೇಲೆ ಒತ್ತಡ ಬಿದ್ದಾಗ ಅದು ತಡೆಯುವ ಭಾರ ತೀರಾ ಕುಸಿದಿರಬಹುದು. ಡಿಲ್ಯಾಮಿನೇಷನ್ ಎಂದು ಕರೆಯುವ ಈ ಬಿಟ್ಟುಕೊಳ್ಳುವಿಕೆಯೇ ನನ್ನ ಕೆಲಸದ ತಿರುಳು.

ಅದನ್ನು ಅಳೆಯುವ ಮೂಲ ಪರೀಕ್ಷೆಗೆ ಡಬಲ್ ಕ್ಯಾಂಟಿಲಿವರ್ ಬೀಮ್ ಎನ್ನುತ್ತಾರೆ. ಪದರಗಳನ್ನು ಜೋಡಿಸುವಾಗಲೇ ಸರಿಯಾಗಿ ನಡುವೆ, ಒಂದು ತುದಿಯಲ್ಲಿ, 13 ಮೈಕ್ರಾನ್‌ಗಿಂತ ದಪ್ಪವಿಲ್ಲದ ಟೆಫ್ಲಾನ್ ಹಾಳೆಯನ್ನು ಇಡುತ್ತೇವೆ. ಬಿರುಕಿನ ಆರಂಭ ಅದೇ. ಆ ತುದಿಗೆ ಎರಡೂ ಕಡೆ ಸಣ್ಣ ಹಿಂಜ್‌ಗಳನ್ನು ಅಂಟಿಸಿ, ಪಕ್ಕದ ಅಂಚಿಗೆ ತಿದ್ದುವ ಬಿಳಿ ಬಣ್ಣ ಬಳಿದು, ಮಿಲಿಮೀಟರ್‌ಗೊಂದರಂತೆ ಗೆರೆ ಹಾಕುತ್ತೇವೆ. ಯಂತ್ರ ನಿಮಿಷಕ್ಕೆ ಕೆಲವೇ ಮಿಲಿಮೀಟರ್‌ನಂತೆ ಬಿರುಕಿನ ಮೇಲಿನ, ಕೆಳಗಿನ ಎರಡು ಭಾಗಗಳನ್ನು, ಅಂದರೆ ತೋಳುಗಳನ್ನು, ಅಗಲಿಸುತ್ತಿದ್ದಂತೆ, ಕೂದಲಿಗಿಂತ ತೆಳುವಾದ ಕಪ್ಪು ಗೆರೆ ಆ ಬಿಳುಪಿನಲ್ಲಿ ಮುಂದಕ್ಕೆ ಸರಿಯುವುದನ್ನು ಟ್ರಾವೆಲಿಂಗ್ ಮೈಕ್ರೋಸ್ಕೋಪಿನಲ್ಲಿ ನೋಡುತ್ತಾ ಅದು ಪ್ರತಿ ಗುರುತನ್ನು ದಾಟಿದಾಗಿನ ಭಾರವನ್ನೂ ತೋಳುಗಳು ತೆರೆದುಕೊಂಡ ಅಂತರವನ್ನೂ ಬರೆದುಕೊಳ್ಳಬೇಕು. 25 ಮಿ.ಮೀ. ಅಗಲ, 3 ಮಿ.ಮೀ. ದಪ್ಪದ ತುಂಡಿನಲ್ಲಿ ಬಿರುಕು 50 ಮಿ.ಮೀ. ಇದ್ದು, 50 ನ್ಯೂಟನ್ ಭಾರಕ್ಕೆ ತೋಳುಗಳು 5 ಮಿ.ಮೀ. ತೆರೆದುಕೊಂಡಿವೆ ಎನ್ನೋಣ, ಸರಳ ಬೀಮ್ ಸೂತ್ರದಂತೆ ಚದರ ಮೀಟರಿಗೆ 300 ಜೂಲ್ ಬರುತ್ತದೆ.

ನಿಜವಾದ ತೊಡಕು ಇರುವುದು ಇದರ ಮುಂದೆ. ಎಲ್ಲ ಎಳೆಗಳೂ ಒಂದೇ ದಿಕ್ಕಿನಲ್ಲಿರುವ ತುಂಡಿನಲ್ಲಿ ಬಿರುಕು ಬೆಳೆದಂತೆ ಕೆಲವು ಎಳೆಗಳು ಕಿತ್ತು ಬಂದು ಎರಡೂ ಮುಖಗಳ ನಡುವೆ ಅಡ್ಡಲಾಗಿ ಹಿಡಿದುಕೊಳ್ಳುತ್ತವೆ. ಇದರಿಂದ ಅಳತೆಯಲ್ಲಿ ಸಿಗುವ ಶಕ್ತಿಯ ಮೌಲ್ಯ ಏರುತ್ತಲೇ ಹೋಗುತ್ತದೆ. ಆ ಏರಿಕೆಯನ್ನು ವಸ್ತುವಿನ ಗುಣವೆಂದು ನಂಬಿ ವಿನ್ಯಾಸಕ್ಕೆ ಬಳಸುವುದು ಅಪಾಯಕಾರಿ, ಏಕೆಂದರೆ ನಿಜವಾದ ಭಾಗದಲ್ಲಿ ಪದರಗಳು ಬೇರೆ ಬೇರೆ ಕೋನಗಳಲ್ಲಿ ಇರುತ್ತವೆ, ಅಲ್ಲಿ ಎಳೆಗಳ ಈ ಆಸರೆ ಇಷ್ಟೇ ಸಿಗುತ್ತದೆ ಎಂಬ ಖಾತರಿಯಿಲ್ಲ. ಬಿರುಕು ಟೆಫ್ಲಾನ್ ಅಂಚನ್ನು ಬಿಟ್ಟು ಹೊರಟ ಕ್ಷಣದ ಮೌಲ್ಯವನ್ನೇ ಆಧಾರವಾಗಿ ಹಿಡಿಯಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಇದಲ್ಲದೆ ಪದರಗಳು ತೆರೆದುಕೊಳ್ಳುವ ಬದಲು ಒಂದರ ಮೇಲೊಂದು ಜಾರಿದಾಗ ಬೇಕಾಗುವ ಶಕ್ತಿ ಬೇರೆಯೇ, ಸಾಮಾನ್ಯವಾಗಿ ಹೆಚ್ಚು. ಬಳಕೆಯಲ್ಲಿ ಇವೆರಡೂ ಬೆರೆತೇ ಬರುತ್ತವೆ. ಆ ಬೆರಕೆಯನ್ನು ಲೆಕ್ಕಕ್ಕೆ ತರುವುದರಲ್ಲಿ ಇನ್ನೂ ಬೇಕಾದಷ್ಟು ಕೆಲಸ ಉಳಿದಿದೆ.

ಸೇರುವ ಮೊದಲು ಪ್ರಯೋಗಾಲಯವನ್ನು ಒಮ್ಮೆ ನೋಡಿ ಬನ್ನಿ. ಸರಳು, ಕಾಂಕ್ರೀಟ್ ಪರೀಕ್ಷಿಸಲೆಂದು ಕಾಲೇಜುಗಳಲ್ಲಿ ಇಟ್ಟಿರುವ ನೂರಾರು ಕಿಲೋನ್ಯೂಟನ್‌ನ ಯುಟಿಎಂ (ವಸ್ತುಗಳನ್ನು ಎಳೆದು, ಒತ್ತಿ ನೋಡುವ) ಯಂತ್ರದಲ್ಲಿ ಮೇಲೆ ಹೇಳಿದ 50 ನ್ಯೂಟನ್ ಸರಿಯಾಗಿ ದಾಖಲಾಗುವುದಿಲ್ಲ. ಒಂದು ಕಿಲೋನ್ಯೂಟನ್ ಆಸುಪಾಸಿನ ಲೋಡ್ ಸೆಲ್ (ಭಾರ ಅಳೆಯುವ ಸಾಧನ) ಅಲ್ಲಿದೆಯೇ, ಇಲ್ಲದಿದ್ದರೆ ಪರೀಕ್ಷೆಗೆ ಬೆಂಗಳೂರಿಗೆ ಹೋಗುವ ವ್ಯವಸ್ಥೆ ಆಗಿದೆಯೇ ಎಂದು ಗೈಡ್ ಅವರನ್ನು ಮೊದಲ ಭೇಟಿಯಲ್ಲೇ ಕೇಳಿ.