ಸರ್ವೋ ಬ್ರೌಸರ್ ಎಂಜಿನ್ ಈಗ ಯಾರ ಕೈಯಲ್ಲಿದೆ? ಮೊಜಿಲ್ಲಾ ಅದನ್ನು ಬಿಟ್ಟಿತಾ?

ಹೌದು, ಮೊಜಿಲ್ಲಾ ಬಿಟ್ಟಿತು. ಆದರೆ ಸರ್ವೋ ನಿಂತಿಲ್ಲ. ಬ್ರೌಸರ್ ಎಂಜಿನ್ ಅಂದರೆ ವೆಬ್ ಪುಟದ ಕೋಡ್ ಓದಿ ಅದನ್ನು ಪರದೆ ಮೇಲೆ ತೋರಿಸುವ ಭಾಗ.

2012ರಲ್ಲಿ ಫೈರ್‌ಫಾಕ್ಸ್ ಬ್ರೌಸರ್ ತಯಾರಿಸುವ ಮೊಜಿಲ್ಲಾ ಇದನ್ನು ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆಯಲು ಶುರು ಮಾಡಿತು. ಒಂದೇ ಪುಟದ ಕೆಲಸವನ್ನು ಪ್ರೊಸೆಸರಿನ ಹಲವು ಕೋರ್‌ಗಳಿಗೆ ಹಂಚಬೇಕೆಂಬುದು ಗುರಿ. ಅದರ ಸಿಎಸ್ಎಸ್ (ಪುಟದ ಬಣ್ಣ, ಅಳತೆ, ಜೋಡಣೆ ಹೇಳುವ ಭಾಷೆ) ನಿಭಾಯಿಸುವ ಭಾಗ 2017ರಲ್ಲೇ ಫೈರ್‌ಫಾಕ್ಸ್ 57ಕ್ಕೆ ಸೇರಿತು. ಹಾಗಾಗಿ ಕಂಪ್ಯೂಟರಿನಲ್ಲಿ ಫೈರ್‌ಫಾಕ್ಸ್ ಬಳಸುವವರೆಲ್ಲ ಸರ್ವೋದ ಒಂದು ತುಂಡನ್ನು ಬಳಸುತ್ತಲೇ ಇದ್ದಾರೆ.

2020ರ ಆಗಸ್ಟ್‌ನಲ್ಲಿ ಮೊಜಿಲ್ಲಾ ಸುಮಾರು 250 ಜನರನ್ನು ಕೆಲಸದಿಂದ ತೆಗೆಯಿತು. ಸರ್ವೋ ತಂಡವೂ ಅದರಲ್ಲಿ ಹೋಯಿತು. ನವೆಂಬರ್‌ನಲ್ಲಿ ಯೋಜನೆ ಮುಕ್ತ ತಂತ್ರಾಂಶ ಯೋಜನೆಗಳಿಗೆ ಆಸರೆ ಕೊಡುವ ಲಿನಕ್ಸ್ ಫೌಂಡೇಶನ್‌ಗೆ ಬಂತು. ಆದರೆ ಸುಮ್ನೆ ಮನೆ ಬದಲಾದರೆ ಕೋಡ್ ಬರೆಯುವವರು ಸಿಗುವುದಿಲ್ಲ, ಅಲ್ವಾ? ಕೆಲಸ ತೀರಾ ನಿಧಾನವಾಯಿತು.

ನಿಜವಾದ ಉಸಿರು ಬಂದದ್ದು 2023ರಲ್ಲಿ. ಸ್ಪೇನ್ ಮೂಲದ ಸಾಫ್ಟ್‌ವೇರ್ ಕಂಪನಿ ಇಗಾಲಿಯಾ ತನ್ನ ಎಂಜಿನಿಯರ್‌ಗಳನ್ನು ಇದಕ್ಕೆ ಹಚ್ಚಿತು. ಅದೇ ವರ್ಷ ಯೋಜನೆ ಲಿನಕ್ಸ್ ಫೌಂಡೇಶನ್ ಯುರೋಪ್‌ಗೆ ಸೇರಿತು. ಈಗ ತಾಂತ್ರಿಕ ತೀರ್ಮಾನ ಒಂದು ಸಮಿತಿಯದು.