ಚಳಿ ಬಂತೆಂದು ಕುಳಿತುಬಿಡಬೇಡಿ
ಓದುಗರ ಪ್ರಶ್ನೆ, ಫಿಸಿಯೋಥೆರಪಿ ಉತ್ತರ

ಪ್ರಶ್ನೆ: ನನಗೆ 64 ವರ್ಷ, ಸಿಒಪಿಡಿ (ಶ್ವಾಸನಾಳಗಳು ಕಿರಿದಾಗಿ ಗಾಳಿ ಸರಾಗವಾಗಿ ಹೊರಬಾರದ ದೀರ್ಘಕಾಲದ ಕಾಯಿಲೆ) ಇದೆ. ಉಳಿದ ದಿನಗಳಲ್ಲಿ ಅರ್ಧ ಗಂಟೆ ನಡೆಯುತ್ತೇನೆ. ಚಳಿ ಶುರುವಾದರೆ ನಾಲ್ಕು ಹೆಜ್ಜೆಗೇ ಏದುಸಿರು. ಮನೆಯವರು 'ಸುಮ್ಮನೆ ಕೂತಿರಿ' ಎನ್ನುತ್ತಾರೆ. ಮೂರು ತಿಂಗಳು ನಡಿಗೆ ಬಿಟ್ಟರೆ ನಷ್ಟವೇನು?

ಉತ್ತರ: ನಷ್ಟವಾಗುವುದು ಕಾಲಿಗೆ, ಅದು ಕಾಣಿಸಿಕೊಳ್ಳುವುದು ಉಸಿರಿನಲ್ಲಿ. ಕೆಲಸವಿಲ್ಲದೆ ಸೊರಗಿದ ತೊಡೆಯ ಸ್ನಾಯುಗಳು ಬೇಗ ದಣಿಯುತ್ತವೆ, ಸಣ್ಣ ಶ್ರಮಕ್ಕೂ ಲ್ಯಾಕ್ಟಿಕ್ ಆಮ್ಲ ಸುರಿಸುತ್ತವೆ. ಅದನ್ನು ಸರಿದೂಗಿಸಲು ನೀವು ಹೆಚ್ಚು ಗಾಳಿ ಆಡಿಸಬೇಕು. ಶ್ವಾಸಕೋಶ ಇದ್ದ ಹಾಗೇ ಇದ್ದರೂ ಅದೇ ಮೆಟ್ಟಿಲು ಈಗ ಎರಡರಷ್ಟು ಎತ್ತರ ಅನ್ನಿಸುತ್ತದೆ. ಹೆದರಿ ಇನ್ನಷ್ಟು ಕೂರುತ್ತೀರಿ, ಕಾಲು ಇನ್ನಷ್ಟು ಸೊರಗುತ್ತದೆ. ಮನೆಯವರ ಕಾಳಜಿ ನಿಜ, ಸಲಹೆ ಮಾತ್ರ ತಪ್ಪು.

ನಡಿಗೆ ಬಿಡಬೇಡಿ, ಹೊತ್ತು ಬದಲಿಸಿ. ಗಾಳಿಯಾಡದ ಚಳಿಗಾಲದ ನಸುಕಿನಲ್ಲಿ ತಣ್ಣನೆಯ ಗಾಳಿ ನೆಲಕ್ಕಂಟಿ ನಿಂತಿರುತ್ತದೆ, ಹೊಗೆ ಧೂಳೂ ಅದರ ಜೊತೆಗೇ. ಬಿಸಿಲೇರಿ ನೆಲ ಕಾದ ಮೇಲೆ ಅದು ಚದುರುತ್ತದೆ. 'ಬೆಳಗಿನ ಶುದ್ಧ ಗಾಳಿ' ಎಂಬ ನಂಬಿಕೆ ಇಂಥ ದಿನಗಳಲ್ಲಿ ಕೈಕೊಡುತ್ತದೆ. ಹೊರಗೆ ಹೋಗುವುದೇ ಬೇಡವೆನಿಸಿದ ದಿನ ಮನೆಯೊಳಗೇ ಗೋಡೆಯಿಂದ ಗೋಡೆಗೆ ನಡೆಯಿರಿ.

ಒಂದೇ ಸಮನೆ ಅರ್ಧ ಗಂಟೆ ಆಗುವುದಿಲ್ಲವೆಂದರೆ 2 ನಿಮಿಷ ನಡಿಗೆ, 1 ನಿಮಿಷ ನಿಲುಗಡೆ, ಹೀಗೆ ಒಟ್ಟು 20 ನಿಮಿಷ. ಒಗ್ಗಿದಂತೆ ನಡಿಗೆಯ ತುಂಡನ್ನು ಉದ್ದ ಮಾಡುತ್ತ ಹೋಗಿ. ಎಷ್ಟು ಏದುಸಿರು ಸರಿ? ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಗುನ್ನಾರ್ ಬೋರ್ಗ್ ರೂಪಿಸಿದ 0–10ರ ಅಳತೆಯಲ್ಲಿ 3 ಅಥವಾ 4. ಅಂದರೆ ಒಂದು ಚಿಕ್ಕ ವಾಕ್ಯ ಆಡಬಲ್ಲಿರಿ, ಹಾಡಲಾರಿರಿ. 1ರಲ್ಲೇ ನಿಂತರೆ ಲಾಭವಿಲ್ಲ. 7ಕ್ಕೆ ಹೋದರೆ ನಾಳೆ ನಡೆಯುವ ಮನಸ್ಸೇ ಇರುವುದಿಲ್ಲ.

ಇದರ ಜೊತೆಗೆ ವಾರಕ್ಕೆ ಮೂರು ದಿನ ಕುರ್ಚಿಯ ವ್ಯಾಯಾಮ. ಕುರ್ಚಿಯನ್ನು ಗೋಡೆಗೆ ಆನಿಸಿಡಿ, ಇಲ್ಲದಿದ್ದರೆ ಹಿಂದಕ್ಕೆ ಜಾರುತ್ತದೆ. ಕೈಗಳನ್ನು ಎದೆಗೆ ಕಟ್ಟಿ, ಉಸಿರು ಬಿಡುತ್ತ ಎದ್ದು ನಿಲ್ಲಿ, ಎಳೆದುಕೊಳ್ಳುತ್ತ ನಿಧಾನವಾಗಿ ಕೂರಿ. 8ರಿಂದ 10 ಸಲ, ನಡುವೆ ವಿಶ್ರಾಂತಿ ಕೊಟ್ಟು ಮೂರು ಸುತ್ತು. ಬಹುತೇಕರು ಎದ್ದು, ಕೂರುವಾಗ ದೊಪ್ಪನೆ ಬೀಳುತ್ತಾರೆ. ತೊಡೆಗೆ ಅರ್ಧ ಕೆಲಸ ಸಿಗುವುದು ಆ ಕೂರುವಿಕೆಯಲ್ಲೇ.

ಪ್ರಶ್ನೆ: ಅಸ್ತಮಾ ಇದೆ. ಓಡುವಾಗ ಏನೂ ಆಗುವುದಿಲ್ಲ, ಚಳಿಯಲ್ಲಿ ಓಡಿ ನಿಂತ ಐದು ನಿಮಿಷಕ್ಕೆ ಎದೆ ಬಿಗಿದು ಕೆಮ್ಮು ಬರುತ್ತದೆ. ಏಕೆ?

ಉತ್ತರ: ಮೂಗು ಗಾಳಿಯನ್ನು ಬೆಚ್ಚಗೆ ಮಾಡಿ, ತೇವ ಕೊಟ್ಟು ಒಳಗೆ ಕಳಿಸುತ್ತದೆ. ಓಡುವಾಗ ಬಾಯಿಂದ ಉಸಿರಾಡುತ್ತೀರಿ, ಆ ಕೆಲಸ ಶ್ವಾಸನಾಳಗಳ ಮೇಲೆ ಬೀಳುತ್ತದೆ. ತಣ್ಣನೆಯ ಗಾಳಿಯಲ್ಲಿ ತೇವಾಂಶ ಕಡಿಮೆಯಾದ್ದರಿಂದ ನಾಳದ ಒಳಪದರದ ನೀರು ಆವಿಯಾಗಿ, ಉಳಿದ ದ್ರವ ಉಪ್ಪುಪ್ಪಾಗುತ್ತದೆ. ಆ ಬದಲಾವಣೆಗೆ ಅಲ್ಲಿನ ಕೋಶಗಳು ಹಿಸ್ಟಮಿನ್‌ನಂಥ ವಸ್ತುಗಳನ್ನು ಬಿಡುತ್ತವೆ, ನಾಳ ಬಿಗಿಯುತ್ತದೆ. ಬಿಗಿತ ಸಾಮಾನ್ಯವಾಗಿ ಜೋರು ಕಾಣಿಸುವುದು ನಿಂತ ಮೇಲೆಯೇ.

ಮೂಗು ಬಾಯಿ ಎರಡನ್ನೂ ಮುಚ್ಚುವಂತೆ ಬಟ್ಟೆ ಸುತ್ತಿ. ನೀವೇ ಬಿಟ್ಟ ಉಸಿರಿನ ಬಿಸಿ ಮತ್ತು ತೇವ ಅದರಲ್ಲಿ ಉಳಿದು ಮುಂದಿನ ಉಸಿರಿಗೆ ಸಿಗುತ್ತದೆ. ಮೊದಲ 10–15 ನಿಮಿಷ ಬಿರುಸು ನಡಿಗೆ, ನಡುನಡುವೆ ಅರ್ಧ ನಿಮಿಷದ ಚುರುಕು ಓಟ. ಹೀಗೆ ಮೈ ಕಾಯಿಸಿದರೆ ಕೆಲವರಲ್ಲಿ ನಂತರದ ಬಿಗಿತವೇ ಕಡಿಮೆಯಾಗುತ್ತದೆ. ಓಡುವ ಮುನ್ನ ಇನ್‌ಹೇಲರ್ ಎಂದು ವೈದ್ಯರು ಬರೆದಿದ್ದರೆ 10–15 ನಿಮಿಷ ಮೊದಲು ತೆಗೆದುಕೊಳ್ಳಿ. ಅದನ್ನು ಒಳಜೇಬಿನಲ್ಲಿ ಬೆಚ್ಚಗಿಡಿ, ತಣ್ಣಗಾದ ಡಬ್ಬಿಯಿಂದ ಔಷಧ ಸರಿಯಾಗಿ ಚಿಮ್ಮುವುದಿಲ್ಲ. ದಿನಾ ಇದರ ಆಸರೆ ಬೇಕಾಗುತ್ತಿದೆ ಎಂದರೆ ಅಸ್ತಮಾ ಹಿಡಿತದಲ್ಲಿಲ್ಲ. ವೈದ್ಯರನ್ನು ಕಾಣಿ.

ಪ್ರಶ್ನೆ: ಬ್ರಾಂಕಿಯೆಕ್ಟಾಸಿಸ್ (ಶ್ವಾಸನಾಳಗಳು ಶಾಶ್ವತವಾಗಿ ಹಿಗ್ಗಿ ಕಫ ತುಂಬಿಕೊಳ್ಳುವ ಕಾಯಿಲೆ) ಇರುವ ತಾಯಿಗೆ ಚಳಿಗಾಲದ ಬೆಳಗ್ಗೆ ಕಫ ಅಂಟಂಟಾಗಿ ಹೊರಬರುವುದೇ ಇಲ್ಲ. ಕೆಮ್ಮಿ ಕೆಮ್ಮಿ ಸುಸ್ತಾಗುತ್ತಾರೆ.

ಉತ್ತರ: ಜೋರಾಗಿ ಕೆಮ್ಮಿದಷ್ಟೂ ಕಫ ಬೇಗ ಬರುತ್ತದೆ ಎಂಬುದೇ ತಪ್ಪು ಲೆಕ್ಕ. ಬಲವಾಗಿ ಕೆಮ್ಮಿದಾಗ ಎದೆಯೊಳಗಿನ ಒತ್ತಡ ಏರಿ, ಗೋಡೆ ಸಡಿಲಗೊಂಡ ನಾಳಗಳು ಹಿಸುಕಿದಂತೆ ಮುಚ್ಚಿಕೊಳ್ಳುತ್ತವೆ. ಕಫ ಅವುಗಳ ಹಿಂದೆ ಸಿಕ್ಕಿಬೀಳುತ್ತದೆ. ಮೊದಲು ಕಫದ ಹಿಂದಕ್ಕೆ ಗಾಳಿ ಸೇರಬೇಕು, ಆಮೇಲೆ ಆ ಗಾಳಿಯೇ ಅದನ್ನು ಮೇಲಕ್ಕೆ ದೂಡಬೇಕು.

ನೇರ ಕುಳಿತು, ಭುಜ ಸಡಿಲ ಬಿಟ್ಟು, ಹೊಟ್ಟೆಯ ಮೇಲೆ ಕೈಯಿಟ್ಟು ಒಂದು ನಿಮಿಷ ಸಹಜವಾಗಿ ಉಸಿರಾಡಲಿ. ಆಮೇಲೆ 3–4 ದೀರ್ಘ ಉಸಿರು: ಮೂಗಿನಿಂದ ನಿಧಾನ ಎಳೆದು, 2–3 ಸೆಕೆಂಡು ಹಿಡಿದು, ಬಲ ಹಾಕದೆ ಬಿಡುವುದು. ಹಿಡಿಯುವುದನ್ನು ತಪ್ಪಿಸಬಾರದು, ಅಕ್ಕಪಕ್ಕದ ಸಣ್ಣ ದಾರಿಗಳಿಂದ ಗಾಳಿ ಕಫದ ಹಿಂದಕ್ಕೆ ನುಸುಳುವುದು ಆಗಲೇ. ಮತ್ತೆ ಸಹಜ ಉಸಿರಾಟ. ನಂತರ 'ಹಫ್': ಸಾಧಾರಣ ಉಸಿರೆಳೆದು, ಬಾಯಿ ತೆರೆದು, ಕನ್ನಡಕ ಒರೆಸುವ ಮುನ್ನ ಗಾಜಿಗೆ 'ಹಾ' ಎಂದು ಊದುತ್ತೇವಲ್ಲ, ಹಾಗೆ ಹೊಟ್ಟೆಯ ಬಲದಿಂದ ಉದ್ದಕ್ಕೆ ಊದುವುದು. ಒಂದೋ ಎರಡೋ ಸಲ, ಅಷ್ಟೇ. ಆಳದ ಕಫ ಈ ಉದ್ದನೆಯ ಹಫ್‌ಗೆ ಕದಲುತ್ತದೆ. ಗೊರಗೊರ ಸದ್ದು ಗಂಟಲ ಹತ್ತಿರ ಕೇಳಿದಾಗ ತುಂಬು ಉಸಿರೆಳೆದು ಒಂದು ಗಿಡ್ಡ, ಚುರುಕಾದ ಹಫ್, ಇಲ್ಲವೇ ಒಂದೇ ಕೆಮ್ಮು. ಈ ಚಕ್ರ 10ರಿಂದ 20 ನಿಮಿಷ ನಡೆಯಲಿ. ಸತತ ಎರಡು ಸುತ್ತಿನಲ್ಲಿ ಹಫ್ ಒಣಗಿದಂತೆ ಕೇಳಿಸಿದರೆ ನಿಲ್ಲಿಸಬಹುದು.

ತಪ್ಪುವುದು ಎಲ್ಲೆಲ್ಲಿ? ಗಂಟಲು ಬಿಗಿದು 'ಖ್ಖ' ಎಂದು ಕೆರೆಯುವುದು ಹಫ್ ಅಲ್ಲ. ನಡುವೆ ಸಹಜ ಉಸಿರಾಟವಿಲ್ಲದೆ ಹಫ್ ಮೇಲೆ ಹಫ್ ಮಾಡಿದರೆ ನಾಳ ಬಿಗಿದು ಸೀಟಿಯಂಥ ಸದ್ದು ಬರುತ್ತದೆ. ದೀರ್ಘ ಉಸಿರು ಅತಿಯಾದರೆ ರಕ್ತದ ಇಂಗಾಲದ ಡೈಆಕ್ಸೈಡ್ ಇಳಿದು ತಲೆ ತಿರುಗುತ್ತದೆ.

ನಾಳ ಹಿಗ್ಗಿಸುವ ಇನ್‌ಹೇಲರ್ ಇದ್ದರೆ ಅದು ಸುಮಾರು 15 ನಿಮಿಷ ಮೊದಲು, ಸ್ಟಿರಾಯ್ಡ್ ಇನ್‌ಹೇಲರ್ ಕಫ ತೆಗೆದ ಮೇಲೆ. ತಿರುಗುಮುರುಗಾದರೆ ಔಷಧ ಕಫದ ಮೇಲೆ ಕೂತು ವ್ಯರ್ಥವಾಗುತ್ತದೆ. ಊಟವಾದ ಕೂಡಲೇ ಬೇಡ. ಹೃದಯ, ಮೂತ್ರಪಿಂಡದ ಕಾರಣಕ್ಕೆ ನೀರಿನ ಮಿತಿ ಇಲ್ಲದಿದ್ದರೆ ಬಾಯಾರಿಕೆಗೆ ಕಾಯದೆ ನೀರು ಕುಡಿಯಲಿ. ಒಂದು ಕಡೆಯ ಶ್ವಾಸಕೋಶದಲ್ಲೇ ಕಫ ಹೆಚ್ಚಿದ್ದರೆ ಆ ಬದಿ ಮೇಲೆ ಬರುವಂತೆ ಮಗ್ಗುಲಾಗಿ ಇದನ್ನೇ ಮಾಡಬಹುದು. ತಲೆ ತಗ್ಗಿಸಿ ಮಲಗಿಸುವ ಹಳೆಯ ಭಂಗಿ ಮಾತ್ರ ಬೇಡ. ಹುಳಿತೇಗು, ರಕ್ತದೊತ್ತಡ ಇರುವವರಿಗೆ ಅದು ಕೆಡುಕು. ಕಫದಲ್ಲಿ ಹೊಸದಾಗಿ ರಕ್ತ ಕಂಡರೆ ನಿಲ್ಲಿಸಿ, ವೈದ್ಯರಿಗೆ ತಿಳಿಸಿ.

ಪ್ರಶ್ನೆ: ಉಸಿರಿನ ವ್ಯಾಯಾಮದ ಮೂರು ಚೆಂಡಿನ ಉಪಕರಣ (ಸ್ಪೈರೋಮೀಟರ್) ದಿನಾ 50 ಸಲ ಊದುತ್ತೇನೆ. ಬಲೂನನ್ನೂ ಊದಬೇಕೆ? (ಸಿಒಪಿಡಿ, 58 ವರ್ಷ)

ಉತ್ತರ: ಮೊದಲಿಗೆ, ಅದು ಊದುವುದಲ್ಲ, ಎಳೆಯುವುದು. ಊದಿದರೆ ಚೆಂಡು ಏಳದು. ಶಸ್ತ್ರಚಿಕಿತ್ಸೆಯ ನಂತರ ನೋವಿಗೆ ಹೆದರಿ ಆಳವಾಗಿ ಉಸಿರೆಳೆಯದವರಿಗೆ ಅದು ಹೆಚ್ಚಾಗಿ ಬಳಕೆಯಾಗುವುದು. ನಿಮ್ಮ ತೊಂದರೆ ಗಾಳಿ ಒಳಹೋಗದಿರುವುದಲ್ಲ, ಹೋದ ಗಾಳಿ ಪೂರ್ತಿ ಹೊರಬಾರದಿರುವುದು. ಬಲೂನು ಒತ್ತಡ ಏರಿಸಿ ತಲೆ ತಿರುಗಿಸುತ್ತದೆ. ಶ್ವಾಸಕೋಶದಿಂದ ಎದೆಗೂಡಿಗೆ ಗಾಳಿ ಸೋರಿದವರು (ನ್ಯೂಮೋಥೊರಾಕ್ಸ್) ಅದನ್ನು ಮುಟ್ಟಲೇಬಾರದು. ಆ ಹೊತ್ತನ್ನು ಮೇಲೆ ಹೇಳಿದ ಕುರ್ಚಿಗೆ ಕೊಡಿ. ಉಸಿರಿಗೆ ಬೇಕಾದದ್ದು ತುಟಿ ಉಸಿರಾಟ: ಮೂಗಿನಿಂದ 2 ಎಣಿಕೆ ಎಳೆದು, ಸಿಳ್ಳೆ ಹಾಕುವಂತೆ ತುಟಿ ಮಾಡಿ 4 ಎಣಿಕೆ ಬಿಡಿ. ಕೆನ್ನೆ ಉಬ್ಬಿಸಬೇಡಿ, ಬಲದಿಂದ ತಳ್ಳಬೇಡಿ.

ಪ್ರಶ್ನೆ: ಬೆಳಗ್ಗೆ ಆಕ್ಸಿಮೀಟರ್ 86 ತೋರಿಸುತ್ತದೆ, ಮಧ್ಯಾಹ್ನ 94. ಯಾವುದು ನಿಜ?

ಉತ್ತರ: ಬೆರಳು ತಣ್ಣಗಿದ್ದರೆ ರಕ್ತದ ಓಟ ಕುಗ್ಗಿ ಯಂತ್ರಕ್ಕೆ ನಾಡಿ ಸರಿಯಾಗಿ ಸಿಗುವುದಿಲ್ಲ. ಅಂಗೈ ಉಜ್ಜಿ ಬೆಚ್ಚಗಾಗಿಸಿ, ಉಗುರುಬಣ್ಣ ತೆಗೆದು, ಕೈ ಅಲುಗಿಸದೆ ಅಂಕಿ ನೆಲೆ ನಿಲ್ಲುವವರೆಗೆ ಕಾಯಿರಿ. ಯಂತ್ರ ತೋರಿಸುವ ನಾಡಿಮಿಡಿತವನ್ನು ಮಣಿಕಟ್ಟಿನಲ್ಲಿ ಎಣಿಸಿ ನೋಡಿ, ಎರಡೂ ಹೊಂದದಿದ್ದರೆ ಆಕ್ಸಿಜನ್ ಅಂಕಿಯನ್ನೂ ನಂಬಬೇಡಿ. ಬೆಚ್ಚಗಿನ ಬೆರಳಿನಲ್ಲೂ 88ಕ್ಕಿಂತ ಕೆಳಗೇ ಇದ್ದರೆ ಅಂದು ವ್ಯಾಯಾಮ ಬೇಡ, ತಡಮಾಡದೆ ವೈದ್ಯರನ್ನು ಕಾಣಿ.

ಪ್ರಶ್ನೆ: ನಡೆದರೂ ಬಾರದ ಏದುಸಿರು ತಲೆ ಬಾಚುವಾಗ ಬರುತ್ತದಲ್ಲ?

ಉತ್ತರ: ಭುಜದ ಕೆಲವು ಸ್ನಾಯುಗಳು ಉಸಿರಾಟಕ್ಕೂ ನೆರವಾಗುತ್ತವೆ. ಕೈ ಮೇಲೆತ್ತಿದರೆ ಅವು ಕೈಯ ಪಾಲಾಗುತ್ತವೆ. ಕುಳಿತು, ಮೊಣಕೈಯನ್ನು ಮೇಜಿಗೆ ಊರಿ ಬಾಚಿ. ಕೈ ಎತ್ತುವಾಗ ಉಸಿರು ಬಿಡಿ.

ಪ್ರಶ್ನೆ: ಎದೆ ಸೋಂಕಿಗೆ ಆಸ್ಪತ್ರೆಯಲ್ಲಿದ್ದು ನಿನ್ನೆ ಮನೆಗೆ ಬಂದಿದ್ದೇನೆ, ಸಿಒಪಿಡಿ ಇದೆ. ವ್ಯಾಯಾಮಕ್ಕೆ ಎಷ್ಟು ದಿನ ಬಿಡಬೇಕು?

ಉತ್ತರ: ತಿಂಗಳುಗಟ್ಟಲೆ ಬಿಡಬೇಡಿ. ಬಿಡುಗಡೆಯಾದ 4 ವಾರದೊಳಗೆ ಶ್ವಾಸಕೋಶ ಪುನಶ್ಚೇತನ ತರಗತಿ ಶುರು ಮಾಡುವುದು ಒಳ್ಳೆಯದು. ಸಾಮಾನ್ಯವಾಗಿ 6ರಿಂದ 12 ವಾರ, ವಾರಕ್ಕೆ ಕನಿಷ್ಠ 2 ದಿನ ಇರುತ್ತದೆ. ಮೊದಲಿಗೆ ಕಾರಿಡಾರಿನಲ್ಲಿ ನಿಮ್ಮನ್ನು 6 ನಿಮಿಷ ನಡೆಸಿ ದೂರ ಅಳೆದು, ಅದರ ಮೇಲೆ ವೇಗ ನಿಗದಿ ಮಾಡುತ್ತಾರೆ. ಅಲ್ಲಿಯವರೆಗೆ ಎಚ್ಚರವಿರುವಾಗ ಗಂಟೆಗೊಮ್ಮೆ ಎದ್ದು ಒಂದೆರಡು ನಿಮಿಷ ಓಡಾಡಿ, ದಿನಕ್ಕೆರಡು ಸಲ ಕುರ್ಚಿಯಿಂದ 5 ಬಾರಿ ಎದ್ದು ಕೂರಿ. ಏದುಸಿರು ಬಂದರೆ ಮೊಣಕೈಗಳನ್ನು ತೊಡೆಗೆ ಊರಿ ಮುಂದಕ್ಕೆ ಬಾಗಿ ತುಟಿ ಉಸಿರಾಟ ಮಾಡಿ. ಎರಡು ಮೂರು ನಿಮಿಷದಲ್ಲಿ ಇಳಿಯಬೇಕು. ಕುಳಿತಲ್ಲೇ ವಾಕ್ಯ ಪೂರ್ತಿ ಮಾಡಲಾಗದಿದ್ದರೆ, ತುಟಿ ನೀಲಿಗಟ್ಟಿದರೆ, ಎದೆನೋವು ಬಂದರೆ, ಗೊಂದಲ ಅಥವಾ ಅತಿಯಾದ ತೂಕಡಿಕೆ ಕಂಡರೆ ಅದು ವ್ಯಾಯಾಮದ ಏದುಸಿರಲ್ಲ, ತಕ್ಷಣ ತುರ್ತು ಚಿಕಿತ್ಸೆಗೆ ಹೊರಡಿ. ಕಫ ಹೆಚ್ಚಾಗಿ ಹಸಿರುಬಣ್ಣಕ್ಕೆ ತಿರುಗಿದರೆ ಅದೇ ದಿನ ವೈದ್ಯರಿಗೆ ಫೋನ್ ಮಾಡಿ.